ಯಂತ್ರದ ಮೇರೆಯನ್ನು ಯಂತ್ರವನ್ನೇ ಕೇಳಿದ ಬಗೆ

ಗಣಿತಜ್ಞನ ಸಂಖ್ಯೆಗೆ ಅಂತ್ಯವೆಂಬುದಿಲ್ಲ. ಗಣಕದ ಸಂಖ್ಯೆಗಾದರೋ, ಅದನ್ನು ಹಿಡಿದಿಡುವ ಕೋಶದ ಅಗಲವೇ ಮೇರೆ. ಜಾನ್ ಬ್ಯಾಕಸ್ ಅವರೂ ಅವರ ಸಂಗಡಿಗರೂ 1957ರಲ್ಲಿ ಫೋರ್ಟ್ರಾನ್ ಭಾಷೆಯನ್ನು ಹೊರತಂದುದು ಐಬಿಎಂ 704 ಎಂಬ ಒಂದೇ ಯಂತ್ರಕ್ಕಾಗಿ. ಅದರ 36 ಬಿಟ್‌ಗಳ ಮೇರೆಯನ್ನು ಕೈಪಿಡಿಯಲ್ಲಿ ನೋಡಿ ಪ್ರೋಗ್ರಾಮಿನಲ್ಲಿ ಬರೆದಿಟ್ಟರೆ ಕೆಲಸ ಸಾಗುತ್ತಿದ್ದಿತು.

ಭಾಷೆಯು ಯಂತ್ರದಿಂದ ಯಂತ್ರಕ್ಕೆ ಸಂಚರಿಸತೊಡಗಿದ ಮೇಲೆ ಸಂಕಟ ಮೊದಲಾಯಿತು. ಐಬಿಎಂ 7090ರಲ್ಲಿ ಭಿನ್ನಭಾಗಕ್ಕೆ 27 ಬಿಟ್‌ಗಳಿದ್ದುವು. 1964ರಲ್ಲಿ ಪ್ರಕಟವಾದ ಸಿಸ್ಟಮ್/360ರ ಸಾಧಾರಣ ಸಂಖ್ಯೆಯಲ್ಲಿ 24 ಮಾತ್ರ, ಅದೂ ಹದಿನಾರನ್ನು ಆಧಾರವಾಗುಳ್ಳ ಗಣನೆಯಾದುದರಿಂದ ಮೊದಲ ಮೂರು ಬಿಟ್‌ಗಳು ಸೊನ್ನೆಯಾಗಿ ವ್ಯರ್ಥವಾಗಬಹುದಾಗಿದ್ದಿತು. ಅದೇ ಸೂತ್ರ, ಅದೇ ದತ್ತಾಂಶ. ಫಲಿತಾಂಶದ ನಿಖರತೆ ಮಾತ್ರ ಕುಂದುತ್ತಿದ್ದಿತು. ತನ್ನ ಲೆಕ್ಕವನ್ನು ನಂಬಿದ ವಿಜ್ಞಾನಿಗೆ ಇದಕ್ಕಿಂತ ಗೂಢವಾದ ಅಪಾಯವನ್ನು ನಾನು ಊಹಿಸಲಾರೆ.

ಆಲ್ಗಾಲ್ 68 ಭಾಷೆಯು ಪರಮಾವಧಿ ಪೂರ್ಣಾಂಕವೇ ಮೊದಲಾದವನ್ನು ‘ಪರಿಸರ ವಿಚಾರಣೆ’ ಎಂಬ ಹೆಸರಿನಿಂದ ತನ್ನೊಳಗೇ ಇರಿಸಿಕೊಂಡಿತು. ಫೋರ್ಟ್ರಾನ್ ಬಳಸುವವರಿಗೆ ಆ ಸೌಕರ್ಯವಿರಲಿಲ್ಲ. 1972ರಲ್ಲಿ ಮೈಕೇಲ್ ಮಾಲ್ಕಮ್ ಯಂತ್ರದ ಬಾಯಿಂದಲೇ ಉತ್ತರ ಹೊರಡಿಸುವ ಸೊಗಸಾದ ಉಪಾಯವನ್ನು ಪ್ರಕಟಿಸಿದರು: ಒಂದರಿಂದ ಆರಂಭಿಸಿ ಸಂಖ್ಯೆಯನ್ನು ಇಮ್ಮಡಿಸುತ್ತ ಹೋದರೆ, ಅದಕ್ಕೆ ಒಂದನ್ನು ಕೂಡಿಸಿ ಮರಳಿ ಆ ಸಂಖ್ಯೆಯನ್ನೇ ಕಳೆದಾಗ ಒಂದು ಉಳಿಯದೆ ಹೋಗುವ ಘಟ್ಟವೊಂದು ಬಂದೇ ಬರುವುದು, ಅಲ್ಲಿಂದ ಆಧಾರವನ್ನೂ ಅಂಕಿಗಳ ಎಣಿಕೆಯನ್ನೂ ತಿಳಿಯಬಹುದು. ಆದರೆ ಕೆಲವು ಯಂತ್ರಗಳ ಒಳಕೋಶಗಳು ಸ್ಮೃತಿಕೋಶಗಳಿಗಿಂತ ಅಗಲವಾಗಿದ್ದುದರಿಂದ ಈ ಪರೀಕ್ಷೆಯೂ ಮೋಸಹೋಗುತ್ತಿದ್ದಿತು. ಬೆಲ್ ಪ್ರಯೋಗಾಲಯದ ಪೋರ್ಟ್ ಗ್ರಂಥಾಲಯವು ಹಿಡಿದುದು ಬೇರೆ ದಾರಿ: ಹಲವು ಯಂತ್ರಗಳ ಸ್ಥಿರಾಂಕಗಳನ್ನು ಟಿಪ್ಪಣಿಗಳಾಗಿ ಬರೆದಿಟ್ಟು, ಬಳಸುವಾತನು ತನ್ನ ಯಂತ್ರಕ್ಕೆ ಸೇರಿದ ಸಾಲುಗಳ ಮೊದಲ ಅಂಕಣದ ‘ಸಿ’ ಅಕ್ಷರವನ್ನು ಅಳಿಸಿ ಅವನ್ನು ಜೀವಂತಗೊಳಿಸಬೇಕಾಗಿದ್ದಿತು. ಎಷ್ಟೋ ಲೆಕ್ಕಗಳ ಸಾಧುತ್ವವು ಹೀಗೆ ಒಂದು ಅಕ್ಷರದ ಮೇಲೆ ನಿಂತಿದ್ದಿತು!

ಅದೇ ಪ್ರಯೋಗಾಲಯದ ಬ್ರೌನ್ ಅವರು 1981ರಲ್ಲಿ ಆಧಾರ, ಅಂಕಿಗಳ ಎಣಿಕೆ, ಘಾತದ ಎರಡು ಮೇರೆಗಳು ಎಂಬ ನಾಲ್ಕರಿಂದಲೇ ಯಾವ ಯಂತ್ರವನ್ನಾದರೂ ವರ್ಣಿಸುವ ಮಾದರಿಯೊಂದನ್ನು ಮುಂದಿಟ್ಟರು. 1991ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾದ ಫೋರ್ಟ್ರಾನ್ 90ರ ‘ಹ್ಯೂಜ್’, ‘ಟೈನಿ’, ‘ಎಪ್ಸಿಲಾನ್’ ಮೊದಲಾದ ಅಂತರ್ನಿರ್ಮಿತ ಕ್ರಿಯೆಗಳು ನಿಂತಿರುವುದು ಇಂತಹ ಮಾದರಿಯ ಮೇಲೆಯೇ. 32 ಬಿಟ್‌ಗಳ ಪೂರ್ಣಾಂಕವನ್ನು ಕುರಿತು ‘ಹ್ಯೂಜ್’ ಎಂದು ಕೇಳಿದರೆ ಬರುವ ಉತ್ತರ 2147483647. ಇವು ನೋಡುವುದು ಚರದ ಜಾತಿಯನ್ನೇ ಹೊರತು ಬೆಲೆಯನ್ನಲ್ಲ. ಬೆಲೆಯನ್ನು ಇನ್ನೂ ಪಡೆಯದ ಚರವೂ ತನ್ನ ಮೇರೆಯನ್ನು ಹೇಳಬಲ್ಲುದು.