ರೋಗದ ಹೆಸರು ಮತ್ತು ಮಗುವಿನ ಸುಪರ್ದಿ: ಕೌಟುಂಬಿಕ ನ್ಯಾಯಾಲಯಗಳ ವಿಚಾರಣಾ ಕ್ರಮದ ಒಂದು ಪರಿಶೀಲನೆ

ಮಕ್ಕಳ ಸುಪರ್ದಿಯ ವ್ಯಾಜ್ಯದಲ್ಲಿ ಗಂಡನದೋ ಹೆಂಡತಿಯದೋ ಮನೋವೈದ್ಯರ ಔಷಧ ಚೀಟಿ ದಾಖಲೆಯಾಗಿ ಬಂದರೆ ವಾದದ ದಿಕ್ಕು ಬದಲಾಗಿಬಿಡುವ ಅಪಾಯವಿದೆ. ಮಗುವಿಗೆ ಉಣಿಸುವವರು ಯಾರು, ಜ್ವರ ಬಂದಾಗ ರಾತ್ರಿ ಎದ್ದು ಕೂರುವವರು ಯಾರು ಎಂಬ ವಿಚಾರ ಹಿಂದೆ ಸರಿದು, ಚರ್ಚೆ ರೋಗದ ಹೆಸರಿನ ಸುತ್ತಲೇ ನಿಲ್ಲುತ್ತದೆ. ವಿಚ್ಛೇದನದ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಈ ದಾರಿಯನ್ನು ಎಂದೋ ತಿರಸ್ಕರಿಸಿದೆ. ಸುಪರ್ದಿಯ ವಿಚಾರಣೆಯೂ ಅದೇ ಅಳತೆಗೋಲನ್ನು ಹಿಡಿಯಬೇಕು, ಅದಕ್ಕೆ ಬೇಕಾದ ಸಾಧನಗಳು ಈಗಿನ ಕಾನೂನಿನಲ್ಲೇ ಇವೆ ಎಂಬುದು ಈ ಲೇಖನದ ವಾದ.

ಹಿಂದೂ ವಿವಾಹ ಕಾಯ್ದೆಯ 13(1)(iii) ಕಲಮಿನಡಿ ಮಾನಸಿಕ ಅಸ್ವಸ್ಥತೆ ವಿಚ್ಛೇದನಕ್ಕೆ ಆಧಾರವಾಗಬಹುದು. ಆದರೆ ರಾಮ್ ನಾರಾಯಣ್ ಗುಪ್ತಾ ಪ್ರಕರಣದಲ್ಲಿ (1988) ನ್ಯಾಯಾಲಯವು ಸ್ಕಿಜೋಫ್ರೇನಿಯಾ ಎಂಬ ಹಣೆಪಟ್ಟಿ ಸಾಲದು, ಅಸ್ವಸ್ಥತೆಯ ಪ್ರಮಾಣ ರುಜುವಾತಾಗಬೇಕು ಎಂದಿತು. 2013ರಲ್ಲಿ ಕೊಲ್ಲಂ ಚಂದ್ರಶೇಖರ್ ಪ್ರಕರಣದ ತೀರ್ಪು ಬರೆದ ನ್ಯಾಯಮೂರ್ತಿ ವಿ. ಗೋಪಾಲಗೌಡರು, ಚಿಕಿತ್ಸೆಯಿಂದ ಹತೋಟಿಗೆ ಬರುವ ಕಾಯಿಲೆಯ ನೆಪದಲ್ಲಿ ಮದುವೆ ಮುರಿಯಲು ಒಪ್ಪಲಿಲ್ಲ. ಸುಪರ್ದಿಗೆ ಅನ್ವಯಿಸುವ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯ 17ನೇ ಕಲಂ ಪಾಲಕರ ಗುಣನಡತೆ, ಸಾಮರ್ಥ್ಯಗಳನ್ನು ನೋಡಲು ಹೇಳುತ್ತದೆ. ರೋಗದ ಮಾತೇ ಅಲ್ಲಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯ್ದೆಗೆ ಮಗುವಿನ ಹಿತವೇ ಪರಮ. ಸಾಮರ್ಥ್ಯವೆಂದರೆ ದಿನನಿತ್ಯ ಮಾಡಿ ತೋರಿಸುವ ಕೆಲಸ. ಬೈಪೋಲಾರ್ ಇರುವ ತಂದೆ ತಿಂಗಳುಗಟ್ಟಲೆ ಸ್ವಸ್ಥನಾಗಿ ಮಗಳನ್ನು ಸಾಕಬಲ್ಲ. ಕಾಯಿಲೆ ಮರುಕಳಿಸಿದಾಗ ಮನೆಯಲ್ಲಿ ಜೊತೆಗೆ ಯಾರಿರುತ್ತಾರೆ ಎಂಬುದೇ ಆಗ ಮುಖ್ಯ ಪ್ರಶ್ನೆ.

ಅಪಾಯವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಪೋಷಕರ ಭ್ರಮೆಯೊಳಗೆ ಮಗುವೇ ಸೇರಿಕೊಂಡಿದ್ದರೆ, ಔಷಧ ಬಿಟ್ಟು ಹಿಂಸೆಗಿಳಿಯುವುದು ಮತ್ತೆ ಮತ್ತೆ ನಡೆದಿದ್ದರೆ, ಮಗುವನ್ನು ದೂರ ಇಡಲೇಬೇಕು. ಆದರೆ ಅದು ಆ ವ್ಯಕ್ತಿಯ ನಡವಳಿಕೆಯ ಸಾಕ್ಷ್ಯದ ಮೇಲೆ ನಿಲ್ಲುವ ತೀರ್ಮಾನವಾಗಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3(5) ಕಲಂ, ಕಾಯಿಲೆಯ ನಿರ್ಣಯ ಮಾತ್ರದಿಂದ ಯಾರೂ ಬುದ್ಧಿಸ್ವಾಧೀನವಿಲ್ಲದವರಾಗುವುದಿಲ್ಲ ಎನ್ನುತ್ತದೆ. ಕಾಯಿಲೆಯ ಬಗ್ಗೆ ಹಾಜರಾದ ಪುರಾವೆಯನ್ನು ಎದುರು ಪಕ್ಷ ಪ್ರಶ್ನಿಸಿದರೆ ನ್ಯಾಯಾಲಯ ಅದನ್ನು ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ಕಳಿಸಬೇಕೆಂದು 105ನೇ ಕಲಂ ವಿಧಿಸುತ್ತದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 12ನೇ ಕಲಮಿನಡಿ ವೈದ್ಯರ, ಸಮಾಜಕಾರ್ಯ ಬಲ್ಲವರ ನೆರವನ್ನೂ ನ್ಯಾಯಾಧೀಶರು ಪಡೆಯಬಹುದು. ಒಂದು ಔಷಧ ಚೀಟಿಯನ್ನೇ ನೆಚ್ಚಿ ಕೂರಬೇಕಾದ ಅನಿವಾರ್ಯತೆ ಅವರಿಗಿಲ್ಲ.

ಇದೇ 2017ರ ಕಾಯ್ದೆಯ 21ನೇ ಕಲಂ ನನಗೆ ಎಲ್ಲಕ್ಕಿಂತ ಮಹತ್ವದ್ದಾಗಿ ಕಾಣುತ್ತದೆ. ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸುವಂತಿಲ್ಲ. ಅಪಾಯವಿದೆಯೆಂದು ಮನೋವೈದ್ಯರಿಗೆ ಕಂಡರೆ ತಾತ್ಕಾಲಿಕವಾಗಿ ಅಗಲಿಸಬಹುದು. ಆಗಲೂ ಮೇಲ್ವಿಚಾರಣೆಯಲ್ಲಿ ತಾಯಿ ಮಗುವನ್ನು ಕಾಣಬಹುದು. ಆ ನಿರ್ಧಾರವನ್ನು 15 ದಿನಕ್ಕೊಮ್ಮೆ ಮರುಪರಿಶೀಲಿಸಬೇಕು, ಸತತ 30 ದಿನ ಮೀರಿದರೆ ಸಂಬಂಧಪಟ್ಟ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕು. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರನ್ನು ಕಾಡುವ ಬಾಣಂತಿ ಸನ್ನಿಯಂಥ ತೀವ್ರ ಸ್ಥಿತಿಯಲ್ಲೂ ತಾಯಿ, ಮಗುವನ್ನು ಜೊತೆಗಿಟ್ಟು ಚಿಕಿತ್ಸೆ ಕೊಡಬಹುದೆಂಬುದಕ್ಕೆ 2009ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆರಂಭವಾದ ತಾಯಿ-ಮಗು ಘಟಕ ನಿದರ್ಶನ. ಆಸ್ಪತ್ರೆಯೊಳಗೆ ಕಾನೂನು ಇಷ್ಟು ಎಚ್ಚರದಿಂದಿದ್ದರೆ, ನ್ಯಾಯಾಲಯದ ಮಧ್ಯಂತರ ಆದೇಶಕ್ಕೆ ಇಂಥ ಗಡುವಿಲ್ಲ. ಮುಂದೂಡಿಕೆಗಳ ನಡುವೆ ಮಗು ಒಂದೇ ಮನೆಗೆ ಒಗ್ಗಿಕೊಳ್ಳುತ್ತದೆ. ಅಷ್ಟರಲ್ಲಿ ತಾಯಿ ಗುಣಮುಖಳಾಗಿ ಬಂದರೂ, ಮಗು ಒಗ್ಗಿಕೊಂಡಿದೆ ಎಂಬುದೇ ಅವಳಿಗೆ ಎದುರಾಗಿ ನಿಲ್ಲುವ ವಾದವಾಗುತ್ತದೆ. ಇದು ಅನ್ಯಾಯ. ಮಗು ಕಳೆದುಹೋದೀತೆಂಬ ಭಯಕ್ಕೆ ತಾಯಂದಿರು ಚಿಕಿತ್ಸೆಯನ್ನೇ ಮುಚ್ಚಿಡುವಂತಾದರೆ ಅದರ ಪೆಟ್ಟು ಬೀಳುವುದೂ ಮಗುವಿನ ಮೇಲೆಯೇ.

ಶಾಸನದಲ್ಲೂ ಒಂದು ಕೊರತೆಯಿದೆ. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 23ನೇ ವಿಧಿ, ಮಗುವಿನ ಅಥವಾ ತಂದೆತಾಯಿಯ ಅಂಗವೈಕಲ್ಯದ ಆಧಾರದ ಮೇಲೆ ಅವರನ್ನು ಅಗಲಿಸುವುದನ್ನು ನಿಷೇಧಿಸುತ್ತದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 9ನೇ ಕಲಂ ಅಂಗವಿಕಲ ಮಗುವಿಗಷ್ಟೇ ಆ ರಕ್ಷಣೆ ಕೊಟ್ಟು, ತಂದೆತಾಯಿಯನ್ನು ಬಿಟ್ಟಿತು. ಇದೇ ಕಾಯ್ದೆಯ ಅನುಸೂಚಿ ಮಾನಸಿಕ ಕಾಯಿಲೆಯನ್ನು ಅಂಗವೈಕಲ್ಯವೆಂದು ಗುರುತಿಸಿದ್ದರೂ ಸುಪರ್ದಿಯ ಕಟಕಟೆಯಲ್ಲಿ ನಿಂತ ತಾಯಿಗೆ ಅದರಿಂದ ನೇರ ಆಸರೆ ಸಿಗುವುದಿಲ್ಲ. ತಿದ್ದುಪಡಿ ಬರುವವರೆಗೆ ನ್ಯಾಯಾಧೀಶರು ಮಾಡಬಹುದಾದದ್ದು ಒಂದಿದೆ: ಪೋಷಕರ ಕಾಯಿಲೆಯ ಕಾರಣಕ್ಕೆ ಹೊರಡುವ ಪ್ರತಿ ಮಧ್ಯಂತರ ಆದೇಶದಲ್ಲೂ ಮರುಪರಿಶೀಲನೆಯ ದಿನಾಂಕ ಮತ್ತು ಮೇಲ್ವಿಚಾರಣೆಯ ಭೇಟಿಯ ಏರ್ಪಾಡು ಬರೆದಿರಲಿ, ಯಾವ ಸ್ಥಿತಿ ಸುಧಾರಿಸಿದರೆ ಮಗು ಹಿಂತಿರುಗುವುದೆಂಬುದೂ ಅದರಲ್ಲಿ ನಮೂದಾಗಲಿ.