ಆಟವಿಲ್ಲದ ತಿಂಗಳುಗಳ ಚರಿತ್ರೆ



ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. 2024-25ರ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್‌ನಲ್ಲಿ 13 ತಂಡಗಳಿದ್ದವು. ಲೀಗ್ ಹಂತದಲ್ಲಿ ಪ್ರತಿಯೊಂದು ತಂಡವೂ 24 ಪಂದ್ಯ ಆಡಿತು. ಪಂದ್ಯಕ್ಕೆ 90 ನಿಮಿಷದಂತೆ ಒಟ್ಟು 36 ಗಂಟೆಗಳಾದವು. ವರ್ಷದಲ್ಲಿ ಇರುವುದು 8,760 ಗಂಟೆ. ಹಾಗಾದರೆ ಉಳಿದ ಎಂಟು ಸಾವಿರದ ಏಳುನೂರಕ್ಕೂ ಹೆಚ್ಚಿನ ಗಂಟೆಗಳಲ್ಲಿ ಆ ತಂಡ ಎಲ್ಲಿರುತ್ತದೆ? ಅದನ್ನು ಮೆಚ್ಚಿದ ಅಭಿಮಾನಿ ಏನು ಮಾಡುತ್ತಾನೆ?

ನಮ್ಮ ಕ್ಯಾಮರಾಗಳಿಗೆ ಈ ಪ್ರಶ್ನೆ ಬೇಡ. ಚೆಂಡು ಉರುಳಿದಾಗ ಅವು ತಿರುಗುತ್ತವೆ, ಕೊನೆಯ ಸೀಟಿ ಊದಿದಾಗ ಕಣ್ಣು ಮುಚ್ಚುತ್ತವೆ. ಆದರೆ ತಂಡ ಕಟ್ಟುವುದೂ ಒಡೆಯುವುದೂ ಬಹುಪಾಲು ಆಟವಿಲ್ಲದ ತಿಂಗಳುಗಳಲ್ಲೇ. ಆ ತಿಂಗಳುಗಳಿಗೂ ಒಂದು ಚರಿತ್ರೆ ಇದೆ. ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ಕುಳಿತು ಓದುತ್ತಿರುವ ನಿಮಗೂ ಅದರಲ್ಲಿ ಪಾಲಿದೆ.

ಮಳೆ ಬರೆದ ವೇಳಾಪಟ್ಟಿ

ಆಟಕ್ಕೆ ಬಿಡುವು ಯಾಕೆ ಬೇಕಾಯಿತು? ಮೊದಲ ಉತ್ತರ ಹವಾಮಾನ. ಕಲ್ಕತ್ತೆಯ ಫುಟ್‌ಬಾಲ್ ಲೀಗ್ 1898ರಲ್ಲಿ ಆರಂಭವಾಯಿತು. ಅಲ್ಲಿ ಮೊದಲಿನಿಂದಲೂ ಫುಟ್‌ಬಾಲು ಮಳೆಗಾಲದ ಆಟ, ಕ್ರಿಕೆಟ್ಟು ಚಳಿಗಾಲದ ಆಟ. ಮೈದಾನ ಒಂದೇ, ಋತು ಎರಡು. ಒಂದು ಆಟದ ಬಿಡುವು ಇನ್ನೊಂದು ಆಟದ ಸುಗ್ಗಿ.

ಈಗ ನಿಮ್ಮ ಮನೆಯ ಹತ್ತಿರಕ್ಕೆ ಬನ್ನಿ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ ಪಶ್ಚಿಮಕ್ಕೆ ಹೋದರೆ ಸುಲ್ತಾನ್ ಬತ್ತೇರಿ, ಅದರಾಚೆ ಕಲ್ಪೆಟ್ಟ. ಅದು ವಯನಾಡು, ಕಾಲ್ಚೆಂಡಿನ ಸೀಮೆ. ಅಲ್ಲಿ ಮತ್ತು ಮಲಪ್ಪುರಂ, ಕೋಳಿಕ್ಕೋಡುಗಳಲ್ಲಿ ಜನ ಮುಗಿಬಿದ್ದು ನೋಡುವುದು 'ಸೆವೆನ್ಸ್'. ತಂಡಕ್ಕೆ ಏಳೇ ಆಟಗಾರರು, ಮೈದಾನ ಚಿಕ್ಕದು, ದೀಪದ ಬೆಳಕಿನಲ್ಲಿ ರಾತ್ರಿ ಪಂದ್ಯ. ಇದರ ಕಾಲ ಮಳೆ ನಿಂತ ಮೇಲೆ, ಹೆಚ್ಚು ಕಡಿಮೆ ನವೆಂಬರಿನಿಂದ ಮೇವರೆಗೆ. ಜೂನ್ ಬಂತೆಂದರೆ ಮೈದಾನವೇ ಕೆರೆ.

ಅದೇ ಜೂನ್-ಜುಲೈನಲ್ಲಿ ಗುಂಡ್ಲುಪೇಟೆಯ ಹೊಲಗಳಲ್ಲಿ ಚೆಂಡುಹೂವು, ಸೂರ್ಯಕಾಂತಿ ಅರಳುತ್ತವೆ. ನೈಋತ್ಯ ಮಾರುತ ತನ್ನ ನೀರನ್ನು ಘಟ್ಟದ ಆ ಬದಿಯಲ್ಲೇ ಸುರಿದು ಈ ಬದಿಗೆ ಹಗುರಾಗಿ ಬರುತ್ತದೆ. ಭೂಗೋಳದ ಪಾಠದಲ್ಲಿ ಇದನ್ನು ಮಳೆನೆರಳು ಎಂದು ಓದಿದ್ದೀರಿ. ಒಂದೆರಡು ಗಂಟೆ ಬಸ್ ಪ್ರಯಾಣದ ದೂರದಲ್ಲಿ ಒಂದು ಕಡೆ ಆಟ ನಿಲ್ಲಿಸುವ ಮಳೆ, ಇನ್ನೊಂದು ಕಡೆ ಆಡಲು ಅಡ್ಡಿಯಿಲ್ಲದ ನೆಲ. ಪ್ರಕೃತಿ ಎರಡೂ ಊರಿಗೆ ಬೇರೆ ಬೇರೆ ಋತುವನ್ನು ಕೊಟ್ಟಿದೆ.

ಕಾನೂನೂ ಒಂದು ಗೆರೆ ಎಳೆದಿದೆ. ವನ್ಯಜೀವಿಗಳ ರಕ್ಷಣೆಗಾಗಿ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ 2009ರಲ್ಲಿ ಬಂತು. 2010ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೂ ಕೆಲವೇ ಬಸ್ಸುಗಳಿಗೂ ವಿನಾಯಿತಿ ಇದೆ. ಆನೆ, ಹುಲಿಗಳಿಗೆ ಇದು ಒಳ್ಳೆಯದಾಯಿತು. ಆದರೆ ಬತ್ತೇರಿಯಲ್ಲಿ ರಾತ್ರಿ ಪಂದ್ಯ ನೋಡಿ ಗುಂಡ್ಲುಪೇಟೆಗೆ ಹಿಂದಿರುಗಬೇಕೆಂಬ ಹುಡುಗನಿಗೆ ಅಲ್ಲೇ ಬೆಳಗು ಕಾಯದೆ ಗತಿಯಿಲ್ಲ.

ಬರಿಗಾಲಿನ ಕಾಲ

ಇನ್ನು ನಮ್ಮ ರಾಜ್ಯದ ತಂಡದ ಮಾತು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಇದು ಮೈಸೂರು ಜಿಲ್ಲೆಯ ಭಾಗ, ಇನ್ನೂ ಹಿಂದಕ್ಕೆ ಹೋದರೆ ಮೈಸೂರು ಸಂಸ್ಥಾನದ ಭಾಗ. ಆದ್ದರಿಂದ 'ಮೈಸೂರು' ಎಂಬ ಹೆಸರಿನಲ್ಲಿ ಆಡಿದ ತಂಡ ನಿಮ್ಮ ಅಜ್ಜಂದಿರ ತಂಡವೂ ಹೌದು.

ಆ ಕಾಲದ ಫುಟ್‌ಬಾಲಿನ ಹೃದಯ ಬೆಂಗಳೂರಿನಲ್ಲಿತ್ತು. ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಬ್ರಿಟಿಷ್ ಸೈನಿಕ ತಂಡಗಳ ಕೈಯಲ್ಲೇ ಇದ್ದ ಪ್ರಶಸ್ತಿ ಅದು. 1938ರಲ್ಲಿ ಮತ್ತೆ ಗೆದ್ದು, ಮೊದಲ ಗೆಲುವು ಅದೃಷ್ಟದ್ದಲ್ಲವೆಂದು ತೋರಿಸಿತು. ರಾಜ್ಯ ತಂಡಗಳ ಸ್ಪರ್ಧೆಯಾದ ಸಂತೋಷ್ ಟ್ರೋಫಿ 1941ರಲ್ಲಿ ಆರಂಭವಾಯಿತು. 1946-47ರಲ್ಲಿ ಮೈಸೂರು ಬಂಗಾಳವನ್ನು ಸೋಲಿಸಿ ಅದನ್ನು ಗೆದ್ದಿತು.

1948ರ ಲಂಡನ್ ಒಲಿಂಪಿಕ್ಸ್ ನೆನಪಿಡಿ. ಸ್ವತಂತ್ರ ಭಾರತದ ತಂಡ ಜುಲೈ 31ರಂದು ಫ್ರಾನ್ಸ್ ವಿರುದ್ಧ ಆಡಿತು. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿದ್ದರು. ಎರಡು ಪೆನಾಲ್ಟಿ ವ್ಯರ್ಥವಾದವು, 1-2ರಿಂದ ಸೋತೆವು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಕೂಡ ಇದ್ದರು.

ಮರು ವರ್ಷ, ಎಂದರೆ 1949ರಲ್ಲಿ, ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿನ ಐವರು ಮುಂಪಡೆ ಆಟಗಾರರನ್ನು ಜನ ಪಂಚಪಾಂಡವರೆಂದೇ ಕರೆದರು. ಅವರಲ್ಲಿ ಒಬ್ಬರು ನಮ್ಮವರು. 1951ರ ದೆಹಲಿ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕೂಡ ಅವರು ಆಡಿದರು. ಮುಂದೆ ಬೆಂಗಳೂರಿನ ಅರುಮೈನಾಯಗಂ ಮೋಹನ್ ಬಗಾನ್ ಸೇರಿದರು. 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಈ ಎರಡೂ ನಿರ್ಧಾರಗಳು ನಡೆದದ್ದು ಪಂದ್ಯದ ಮೈದಾನದಲ್ಲಲ್ಲ. ಕಲ್ಕತ್ತೆಯಲ್ಲಿ ದೊಡ್ಡ ಲೀಗ್, ದೊಡ್ಡ ಜನಸಂದಣಿ, ದೊಡ್ಡ ಹೆಸರು ಇದ್ದವು. ಒಂದು ಋತು ಮುಗಿದು ಇನ್ನೊಂದು ಆರಂಭವಾಗುವ ನಡುವೆ ಆಟಗಾರ ಊರು ಬದಲಾಯಿಸುತ್ತಿದ್ದ. ಇಲ್ಲಿನ ಅಭಿಮಾನಿಗೆ ಆ ಬಿಡುವು ವಿಶ್ರಾಂತಿಯ ಕಾಲವಾಗಿರಲಿಲ್ಲ. ಯಾರು ಉಳಿದರು, ಯಾರು ಹೋದರು ಎಂದು ಪತ್ರಿಕೆಯ ಮೂಲೆ ಹುಡುಕುವ ಕಾಲವಾಗಿತ್ತು.

54 ವರ್ಷದ ಬಿಡುವು

ಮೈಸೂರು ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತು: 1946-47, 1952-53, 1967-68 ಮತ್ತು 1968-69. ನಾಲ್ಕೂ ಫೈನಲ್‌ಗಳಲ್ಲಿ ಎದುರಾಳಿ ಬಂಗಾಳವೇ. ಆಮೇಲೆ 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. ಹೊಸ ಹೆಸರಿನಲ್ಲಿ ಟ್ರೋಫಿ ಬರಲಿಲ್ಲ. 1975-76ರಲ್ಲಿ ಫೈನಲ್ ತನಕ ಹೋಗಿ ಬಂಗಾಳಕ್ಕೆ ಸೋತೆವು. ಆಟ ನಡೆಯುತ್ತಲೇ ಇತ್ತು. ಆದರೆ ಗೆಲುವಿಗೆ ಬಿದ್ದ ಬಿಡುವು ಮುಗಿಯಲೇ ಇಲ್ಲ.

ಅದು ಮುಗಿದದ್ದು 2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದ್ ನಗರದಲ್ಲಿ. ಸಂತೋಷ್ ಟ್ರೋಫಿಯ ಕೊನೆಯ ಹಂತ ವಿದೇಶದಲ್ಲಿ ನಡೆದದ್ದು ಅದೇ ಮೊದಲು. ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕಿ ಓರಂ ಮತ್ತು ರಾಬಿನ್ ಯಾದವ್. 'ಮೈಸೂರು' ಗೆದ್ದಾಗ ಕಾಲೇಜಿನಲ್ಲಿದ್ದ ಹುಡುಗ, 'ಕರ್ನಾಟಕ' ಗೆದ್ದಾಗ ಎಪ್ಪತ್ತು ದಾಟಿದ ಅಜ್ಜ. ನಡುವಿನ 54 ವರ್ಷ ಈ ತಂಡವನ್ನು ಮರೆಯದೆ ಇದ್ದವರು ಎಷ್ಟು ಮಂದಿ? ಹಳೆಯ ಗೆಲುವುಗಳ ವರ್ಷ, ಅಂಕ, ಹೆಸರುಗಳು ನಮಗೆ ಸಿಗುತ್ತಿರುವುದು ಅಂಥ ಕೆಲವರು ಬರೆದಿಟ್ಟದ್ದರಿಂದ.

ಕಾಲೇಜು ತಂಡದ ವಿಶೇಷ ಕಷ್ಟ

ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ದೊಡ್ಡ ಹಬ್ಬ. ಮೊದಲ ಅಂತರ ಕಾಲೇಜು ಪಂದ್ಯ 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ ನಡೆಯಿತು. ಈಗಿನ ಅವರ ಆಟದಲ್ಲಿ ಚೆಂಡನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುತ್ತಾರೆ, ಅದು ಬೇರೆ ವಿಷಯ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಋತು ಆಗಸ್ಟ್ ಕೊನೆಗೆ ಆರಂಭವಾಗಿ ಜನವರಿಗೆ ಮುಗಿಯುತ್ತದೆ. ಉಳಿದ ಏಳು ತಿಂಗಳು ಅಭಿಮಾನಿ ಕೈಕಟ್ಟಿ ಕೂರುವುದಿಲ್ಲ. ಪ್ರೌಢಶಾಲೆಯಿಂದ ಯಾರು ಸೇರುತ್ತಾರೆ, ವಸಂತಕಾಲದ ಅಭ್ಯಾಸ ಪಂದ್ಯದಲ್ಲಿ ಯಾರು ಚೆನ್ನಾಗಿ ಆಡಿದರು, ಯಾರು ಬೇರೆ ಕಾಲೇಜಿಗೆ ಹೊರಟರು ಎಂದು ಲೆಕ್ಕ ಇಡುತ್ತಾನೆ.

ಯಾಕೆ? ಕಾಲೇಜು ತಂಡಕ್ಕೆ ಒಂದು ವಿಶೇಷ ಕಷ್ಟವಿದೆ. ಕ್ಲಬ್ಬಿನ ಆಟಗಾರ ಹತ್ತು ವರ್ಷ ಇರಬಹುದು. ವಿದ್ಯಾರ್ಥಿ ಪರೀಕ್ಷೆ ಪಾಸಾದರೆ ಹೋಗಲೇಬೇಕು. ನಿಮ್ಮ ಪದವಿ ಕಾಲೇಜಿನ ಹನ್ನೊಂದು ಮಂದಿಯಲ್ಲಿ ನಾಲ್ವರು ಅಂತಿಮ ವರ್ಷದವರಿದ್ದರೆ, ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ತಂಡದ ಮೂರನೇ ಒಂದು ಭಾಗ ಇಲ್ಲ. ಮೂರು ವರ್ಷದಲ್ಲಿ ಎಲ್ಲರೂ ಹೊಸಬರು. ಉಳಿಯುವುದು ಕಾಲೇಜಿನ ಹೆಸರು, ದೈಹಿಕ ಶಿಕ್ಷಣ ನಿರ್ದೇಶಕರು ಮತ್ತು ನೆನಪು. ಆ ನೆನಪನ್ನು ಯಾರೂ ಬರೆದಿಡದಿದ್ದರೆ ಪ್ರತಿ ತಂಡವೂ ಮೊದಲಿನಿಂದಲೇ ಆರಂಭಿಸಬೇಕು.

ದೇಹದ ಶಾಸ್ತ್ರವೂ ಇದೇ ಮಾತು ಹೇಳುತ್ತದೆ. ಓಟ ನಿಲ್ಲಿಸಿದ ಎರಡು ಮೂರು ವಾರಗಳಲ್ಲೇ ದಮ್ಮು ಕುಗ್ಗತೊಡಗುತ್ತದೆ. ರಕ್ತದ ದ್ರವಾಂಶ ಇಳಿಯುತ್ತದೆ, ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗುತ್ತದೆ, ಸ್ನಾಯುಗಳಿಗೆ ತಲುಪುವ ಆಮ್ಲಜನಕವೂ ಅಷ್ಟೇ. ವಾರಕ್ಕೆ ಎರಡು ಮೂರು ದಿನ ಚುರುಕಾಗಿ ಓಡಿದರೂ ಈ ನಷ್ಟವನ್ನು ಬಹುಮಟ್ಟಿಗೆ ತಡೆಯಬಹುದು.

ಬಿಡುವು ಮುಗಿಯದೆ ಹೋದರೆ

ಬಿಡುವಿಗೆ ಒಂದು ಕೊನೆ ಇರುತ್ತದೆಂದು ನಾವು ನಂಬಿರುತ್ತೇವೆ. 2025ರಲ್ಲಿ ಆ ನಂಬಿಕೆಗೇ ಪೆಟ್ಟು ಬಿತ್ತು. ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ಸಂಘಟಕರ ನಡುವಿನ ಒಪ್ಪಂದದ ಅವಧಿ ಡಿಸೆಂಬರಿಗೆ ತೀರುವುದಿತ್ತು; ಮುಂದೇನೆಂಬುದು ತೀರ್ಮಾನವಾಗದೆ ಜುಲೈ ತಿಂಗಳಲ್ಲಿ ಹೊಸ ಋತುವನ್ನೇ ತಡೆಹಿಡಿಯಲಾಯಿತು. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ, ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದು, 2018-19ರಲ್ಲಿ ಸೂಪರ್ ಲೀಗ್ ಗೆದ್ದ ಕ್ಲಬ್ಬು. ಆಗಸ್ಟಿನಲ್ಲಿ ಅದು ಆಟಗಾರರ ಸಂಬಳ ನಿಲ್ಲಿಸಬೇಕಾಯಿತು. ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಆರಂಭವಾಗುವ ಲೀಗಿಗೆ ಕೊನೆಗೆ ನಿಗದಿಯಾದ ದಿನ 2026ರ ಫೆಬ್ರವರಿ 14. ಕಾದವರಲ್ಲಿ ಅಭಿಮಾನಿಗೆ ಹೋದದ್ದು ಸಂತೋಷ ಮಾತ್ರ. ಆಟಗಾರನಿಗೆ ಹೋದದ್ದು ಅನ್ನ. ಆಡುವ ವಯಸ್ಸಿನ ಹತ್ತು ಹನ್ನೆರಡು ವರ್ಷಗಳಲ್ಲಿ ಅರ್ಧ ವರ್ಷ.

ನೀವು ಮಾಡಬಹುದಾದದ್ದು

ಶಾಲಾ ಕ್ರೀಡೆಗಳಿಗೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳಿವೆ. ಗುಂಡ್ಲುಪೇಟೆಯ ಹುಡುಗಿಯೊಬ್ಬಳು ಮೊದಲ ಮೆಟ್ಟಿಲು ಹತ್ತಿ ಗೆದ್ದರೆ ಚಾಮರಾಜನಗರ ಜಿಲ್ಲೆಯ ಹೆಸರಿನಲ್ಲಿ ಆಡುತ್ತಾಳೆ. ಆ ಜಿಲ್ಲೆಗೆ ಇನ್ನೂ ಮೂವತ್ತರ ಆಸುಪಾಸಿನ ವಯಸ್ಸು. ಅದರ ಕ್ರೀಡಾ ಚರಿತ್ರೆಯನ್ನು ಮೊದಲಿನಿಂದ ಬರೆಯುವಷ್ಟು ಸಮಯ ಈಗಲೂ ಇದೆ. ಮೊದಲ ತಂಡಗಳಲ್ಲಿ ಆಡಿದವರು ನಿಮ್ಮ ಓಣಿಯಲ್ಲೇ ಇರಬಹುದು.

ಆದ್ದರಿಂದ ಈ ರಜೆಯಲ್ಲಿ ಮೂರು ಕೆಲಸ ಮಾಡಿ. ಒಂದು ನೋಟ್‌ಪುಸ್ತಕದಲ್ಲಿ ನಿಮ್ಮ ಶಾಲೆಯ ಅಥವಾ ಕಾಲೇಜಿನ ತಂಡ ಕಳೆದ ವರ್ಷ ಆಡಿದ ಪಂದ್ಯಗಳ ದಿನಾಂಕ, ಎದುರಾಳಿ, ಅಂಕ, ಆಟಗಾರರ ಹೆಸರು ಬರೆಯಿರಿ. ಗೋಡೆಯ ಮೇಲೆ ಹಳೆಯ ತಂಡದ ಛಾಯಾಚಿತ್ರವಿದ್ದರೆ, ಅದರಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರನ್ನು ಕೇಳಿ ಹೆಸರುಗಳನ್ನು ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಸಿ. ಅಂತಿಮ ವರ್ಷದವರು ಊರು ಬಿಡುವ ಮುನ್ನ, ಹೊಸಬರಿಗೆ ಅವರು ಹೇಳಬೇಕೆಂದಿರುವುದನ್ನು ಒಂದು ಪುಟ ಬರೆದುಕೊಡಲು ಕೇಳಿ.

ಮುಂದಿನ ಜೂನಿನಲ್ಲಿ ಹೊಸ ಹುಡುಗರು ಮೈದಾನಕ್ಕೆ ಬಂದಾಗ ಆ ಪುಸ್ತಕವನ್ನು ಅವರ ಕೈಗೆ ಕೊಡಿ. ಮೊದಲ ಸಾಲು ಓದಿಸಿ, ಆಮೇಲೆ ಚೆಂಡಿಗೆ ಗಾಳಿ ತುಂಬಿ.