ಗೊಂಬೆಗೆ ಬಾಯಿ ಕೊಟ್ಟವರು

ಗುಂಡ್ಲುಪೇಟೆಯಿಂದ ಒಂದು ರಸ್ತೆ ಬಂಡೀಪುರ ಹಾದು ಊಟಿಗೆ ಹೋಗುತ್ತದೆ, ಇನ್ನೊಂದು ಮೂಲೆಹೊಳೆ ದಾಟಿ ಸುಲ್ತಾನ್ ಬತ್ತೇರಿಗೆ. ಚಾಮರಾಜನಗರದಿಂದ ದಿಂಬಂ ಘಾಟಿ ಇಳಿದರೆ ಸತ್ಯಮಂಗಲ. ಕನ್ನಡ, ತಮಿಳು, ಮಲಯಾಳಂ ಮೂರೂ ಒಂದೇ ಸಂತೆಯಲ್ಲಿ ಕಿವಿಗೆ ಬೀಳುವ ಸೀಮೆ ಇದು. 1995ರ ಮೇ 1ರಂದು ಕಾರ್ಟೂನ್ ನೆಟ್‌ವರ್ಕ್ ಭಾರತದಲ್ಲಿ ಶುರುವಾಗಿ, ಮುಂದಿನ ವರ್ಷಗಳಲ್ಲಿ ಕೇಬಲ್ ತಂತಿ ಸಣ್ಣ ಊರುಗಳಿಗೂ ಹಬ್ಬಿದಾಗ, ಗೆರೆಯಲ್ಲಿ ಬರೆದ ಸಂಸಾರಗಳು ಇಲ್ಲಿನ ಮನೆಗಳಿಗೂ ಬಂದವು. ಕಲ್ಲಿನ ಕಾಲದ ಗಂಡಹೆಂಡಿರ ಜಗಳದ ‘ಫ್ಲಿಂಟ್‌ಸ್ಟೋನ್ಸ್’, ಮುಂಬರುವ ಕಾಲದ ಮನೆಯ ‘ಜೆಟ್ಸನ್ಸ್’. ಅವು ಮೊದಲು ಇಂಗ್ಲಿಷ್ ಆಡಿದವು, ಆಮೇಲೆ ಹಿಂದಿ ಕಲಿತವು. ಅದೇ ವಾಹಿನಿಗೆ ಮುಂದೆ ತಮಿಳು, ತೆಲುಗಿನ ದನಿಯೂ ಸೇರಿತು. ಆ ವರ್ಷಗಳಲ್ಲಿ ಅವು ಕನ್ನಡ ಆಡಲಿಲ್ಲ. ಇದು ಸಣ್ಣ ನಷ್ಟ ಎಂದು ತಳ್ಳಿಹಾಕುವಂತಿಲ್ಲ. ಬರೆದ ಚಿತ್ರಕ್ಕೆ ಹುಟ್ಟುನುಡಿ ಎಂಬುದಿಲ್ಲ, ಯಾರು ಬಾಯಿ ಕೊಡುತ್ತಾರೋ ಅವರದೇ ನುಡಿ ಅದರದು. ತೊಗಲುಗೊಂಬೆಯವರು ತಲೆಮಾರುಗಳಿಂದ ಬಲ್ಲ ಈ ಸಂಗತಿಯನ್ನು ಟಿವಿಯ ಕಾಲದಲ್ಲಿ ನಾವು ಮರೆತೆವು. ಸಿನಿಮಾದಲ್ಲಿ ನ್ಯಾಯವಾಗಿದ್ದ ಡಬ್ಬಿಂಗ್ ವಿರೋಧವನ್ನು ಅದು ಸಲ್ಲದ ಕಡೆಗೂ ಹರಿಯಬಿಟ್ಟೆವು ಎಂಬುದು ಇಲ್ಲಿನ ವಾದ.

‘ಫ್ಲಿಂಟ್‌ಸ್ಟೋನ್ಸ್’ ಬಾಳಿದ ಬಗೆಯನ್ನು ನೋಡಿದರೆ ಮಾತು ತಿಳಿಯಾಗುತ್ತದೆ. ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ 1940ರಿಂದ ಎಂಜಿಎಂ ಸಂಸ್ಥೆಯಲ್ಲಿ ‘ಟಾಮ್ ಅಂಡ್ ಜೆರ್ರಿ’ ಮಾಡುತ್ತಿದ್ದವರು. ಅಲ್ಲಿ ಬೆಕ್ಕುಇಲಿಗಳಿಗೆ ಮಾತೇ ಬೇಕಿರಲಿಲ್ಲ. ಓಟ, ಬೀಳುವಿಕೆ, ಏಟು ಎಲ್ಲವನ್ನೂ ಸಾವಿರಾರು ಚಿತ್ರಗಳಲ್ಲಿ ಬರೆದು ತೋರಿಸುವಷ್ಟು ಹಣವಿತ್ತು. 1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗ ಮುಚ್ಚಿತು. ಇಬ್ಬರೂ ಟಿವಿಗೆ ಬಂದರು. ಟಿವಿಯವರ ಕೈ ಬಿಗಿ. ಆಗ ಅವರು ಚಿತ್ರಗಳ ಸಂಖ್ಯೆ ಇಳಿಸಿದರು. ಮೈ ನಿಂತಲ್ಲೇ ನಿಂತಿರುತ್ತದೆ, ತಲೆ ಅಲ್ಲಾಡುತ್ತದೆ, ಬಾಯಿ ಆಡುತ್ತದೆ, ಬೇಕಾದರೆ ಒಂದು ಕೈ ಏಳುತ್ತದೆ. ಅವರ ಪಾತ್ರಗಳ ಕೊರಳಲ್ಲಿ ಟೈ, ಕಾಲರು, ಮಣಿಸರ ಕಾಣುವುದು ಸುಮ್ಮನೆ ಅಲ್ಲ: ತಲೆಯನ್ನಷ್ಟೇ ಬೇರೆಯಾಗಿ ಬರೆದು ಮೈಯ ಮೇಲೆ ಕೂರಿಸಿದಾಗ ಆ ಬೆಸುಗೆ ಕಾಣದಂತೆ ಮುಚ್ಚಲು ಅವು ಬೇಕಿದ್ದವು. ಚಲನೆ ಇಳಿದಷ್ಟೂ ಭಾರವೆಲ್ಲ ದನಿಯ ಮೇಲೆ ಬಿತ್ತು. 1960ರ ಸೆಪ್ಟೆಂಬರ್ 30ರ ರಾತ್ರಿ ಎಬಿಸಿ ವಾಹಿನಿಯಲ್ಲಿ ಆರಂಭವಾಗಿ 1966ರ ಏಪ್ರಿಲ್ 1ರವರೆಗೆ 166 ಕಂತು ನಡೆದ ಆ ಸರಣಿ ‘ಹನಿಮೂನರ್ಸ್’ ಎಂಬ, ನಟರೇ ಆಡಿದ ನಗೆ ಧಾರಾವಾಹಿಯ ಅಚ್ಚಿನಲ್ಲಿ ಹೊಯ್ದದ್ದು. ಮೊದಲ ವರ್ಷಗಳಲ್ಲಿ ಅದರ ಪ್ರಾಯೋಜಕರು ಸಿಗರೇಟು ಮಾರುವವರು. ದುಡಿದು ಬಂದು ರಾತ್ರಿ ಟಿವಿ ಮುಂದೆ ಕೂರುವ ದೊಡ್ಡವರಿಗೆಂದೇ ಮಾಡಿದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆ ದನಿಗಳ ಕಥೆಯನ್ನೂ ನೋಡಬೇಕು. ಪಕ್ಕದ ಮನೆಯ ಬಾರ್ನಿಗೆ ದನಿ ಕೊಡುತ್ತಿದ್ದ ಮೆಲ್ ಬ್ಲಾಂಕ್ 1961ರ ಜನವರಿಯಲ್ಲಿ ಕಾರು ಅಪಘಾತದಲ್ಲಿ ಸಾವಿನ ಬಾಗಿಲವರೆಗೆ ಹೋಗಿ ಬಂದರು. ಚಿತ್ರದ ಬಾರ್ನಿಗೆ ಏನೂ ಆಗಿರಲಿಲ್ಲ, ಆದರೂ ಅವನು ಅರ್ಧ ಸತ್ತಂತೆಯೇ. ಕೆಲವು ಕಂತುಗಳಿಗೆ ಡಾಸ್ ಬಟ್ಲರ್ ದನಿ ಕೊಟ್ಟರು, ಆಮೇಲೆ ಬ್ಲಾಂಕ್ ಹಾಸಿಗೆಯಲ್ಲಿ ಮಲಗಿದ್ದಲ್ಲಿಗೇ ಮೈಕು ತಂದು ಧ್ವನಿಮುದ್ರಣ ನಡೆಸಿದರು. ಸರಣಿಯ ನಾಯಕ ಫ್ರೆಡ್‌ನ ದನಿಯಾಗಿದ್ದ ಅಲನ್ ರೀಡ್ 1977ರಲ್ಲಿ ತೀರಿಕೊಂಡ ಮೇಲೆ ಹೆನ್ರಿ ಕಾರ್ಡನ್ ಆ ಜಾಗಕ್ಕೆ ಬಂದರು. ಫ್ರೆಡ್‌ಗೆ ಒಂದು ಕೂದಲೂ ನರೆಯಲಿಲ್ಲ. ಅಂದರೆ ಇಂಗ್ಲಿಷಿನಲ್ಲಿ ಕೂಡ ಫ್ರೆಡ್ ಆಡುವುದು ಎರವಲು ಮಾತು. ಸ್ಪ್ಯಾನಿಷ್ ಆಡುವ ಅಮೆರಿಕದಲ್ಲಿ ಅವನು ಪೆದ್ರೊ ಪಿಕಾಪಿಯೆದ್ರ ಆದ; ಅಲ್ಲಿನ ಮಂದಿಗೆ ಅವನು ಪೆದ್ರೊ ಅಷ್ಟೇ, ಮುಖವಾಡ ಹಾಕಿದ ಫ್ರೆಡ್ ಅಲ್ಲ. ನಟ ಎದುರಿಗಿರುವ ಸಿನಿಮಾದಲ್ಲಿ ಹೀಗಾಗದು. ಅಲ್ಲಿ ತುಟಿ ಒಂದು ನುಡಿ ಆಡುತ್ತಿರುತ್ತದೆ, ಕಿವಿಗೆ ಇನ್ನೊಂದು ಕೇಳುತ್ತಿರುತ್ತದೆ, ನೋಡುವವರಿಗೆ ಕಳವು ಗೊತ್ತಾಗುತ್ತದೆ. ಬರೆದ ತುಟಿಗೆ ಆ ಹಂಗಿಲ್ಲ.

ಇದೆಲ್ಲ ನಮಗೆ ಹೊಸತೆಂದು ತಿಳಿಯುವುದು ತಪ್ಪು. ತೊಗಲುಗೊಂಬೆಯಾಟದ ಪರದೆಯನ್ನು ನೆನೆಯಬೇಕು: ಊರ ಬಯಲಲ್ಲಿ ಕಟ್ಟಿದ ಬಿಳಿ ಪಂಚೆ, ಹಿಂದೆ ಎಣ್ಣೆದೀಪ, ದೀಪಕ್ಕೂ ಪಂಚೆಗೂ ನಡುವೆ ಹದಮಾಡಿ ಬಣ್ಣ ಹಚ್ಚಿದ ಮೇಕೆಯ ತೊಗಲು. ಕರ್ನಾಟಕದ ಗೊಂಬೆಗಳಲ್ಲಿ ಅನೇಕವು ಇಡೀ ದೃಶ್ಯವನ್ನೇ ಒಂದು ಹಾಳೆಯಲ್ಲಿ ಕೆತ್ತಿದಂಥವು. ತೇರಿನಲ್ಲಿ ಕುಳಿತ ರಾಮ, ಸುತ್ತ ಪರಿವಾರ, ಒಂದು ಕೀಲೂ ಇಲ್ಲ. ಅಲುಗಾಡುವ ಭಾಗ್ಯ ಹೆಚ್ಚಾಗಿ ಸಿಕ್ಕಿದ್ದು ನಗಿಸುವವರಿಗೆ. ಗಣಪತಿ, ಸರಸ್ವತಿಯರ ಸ್ತುತಿ ಮುಗಿದದ್ದೇ ಪರದೆಯ ಮೇಲೆ ಬರುವವನು ಕಿಳ್ಳೇಕ್ಯಾತ. ಕಪ್ಪು ಮೈ, ದಪ್ಪ ತುಟಿ, ಮುಂದೆ ಬಂದ ಹೊಟ್ಟೆ, ಕೆದರಿದ ಕೂದಲು. ಅವನ ಬೆನ್ನಿಗೆ ಹೆಂಡತಿ ಬಂಗಾರಕ್ಕ. ಇಬ್ಬರ ಕಿತ್ತಾಟ ರಾಮಾಯಣದ ನಡುನಡುವೆ, ಭಾರತದ ನಡುನಡುವೆ ಬೆಳಗಿನ ಜಾವದವರೆಗೂ ನಡೆಯುತ್ತದೆ. ಕಥೆ ಯುಗಗಳ ಹಿಂದಿನದು, ಇವರ ಮಾತು ಆ ಊರಿನದು, ಆ ವಾರದ್ದು. ರಾವಣ ಒಂದೇ ರಾತ್ರಿ ಸಾಯುತ್ತಾನೆ. ಕಿಳ್ಳೇಕ್ಯಾತ ಮುಂದಿನ ಊರಲ್ಲಿ ಅದೇ ವಯಸ್ಸಿನಲ್ಲಿ ಮತ್ತೆ ಎದ್ದು ಹೆಂಡತಿಯ ಬಾಯಿಗೆ ಸಿಕ್ಕುತ್ತಾನೆ. ಊರ ಯಜಮಾನನಿಗೆ ಎದುರು ನಿಂತು ಮನುಷ್ಯ ಆಡಲಾರದ್ದನ್ನು ತೊಗಲು ಆಡಬಹುದು. ಬರೆದ ಸಂಸಾರದ ನಗೆ ಬಾಳುವುದು ಇದರಿಂದಲೇ ಎಂದು ನನ್ನ ತಿಳಿವಳಿಕೆ: ಮೈಗೆ ಕಾಲ ತಟ್ಟುವುದಿಲ್ಲ, ಮಾತು ಮಾತ್ರ ಪ್ರತಿಸಲ ಹೊಸದಾಗಿ ಹುಟ್ಟುತ್ತದೆ.

ಹೋಲಿಕೆ ದೂರದ್ದಾಯಿತು, ಕಿಳ್ಳೇಕ್ಯಾತ ಸಂಸ್ಕೃತ ನಾಟಕದ ವಿದೂಷಕನ ಮೊಮ್ಮಗನೇ ಹೊರತು ಟಿವಿ ನಗೆಯ ಅಜ್ಜನಲ್ಲ ಎಂದು ಯಾರಾದರೂ ಹೇಳಬಹುದು. ಅವನ ವಂಶಾವಳಿ ಏನೇ ಇರಲಿ, ವಿದೂಷಕನದು ಒಂಟಿ ಬಾಳು, ರಾಜನ ನೆರಳು. ಕಿಳ್ಳೇಕ್ಯಾತನಿಗೆ ಮನೆಯಿದೆ, ಹೆಂಡತಿಯಿದ್ದಾಳೆ, ಜಗಳವಿದೆ. ಇನ್ನು ನೆರಳಾಟಕ್ಕೂ ಅನಿಮೇಷನ್ನಿಗೂ ನಂಟು ಕಟ್ಟಿದ್ದು ನಾನಲ್ಲ. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ತೆರೆಗೆ ತಂದ ‘ರಾಜಕುಮಾರ ಅಹ್ಮದ್’, ಇಂದಿಗೂ ಉಳಿದಿರುವ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಅತಿ ಹಳೆಯದು, ಕೀಲುಗೊಂಬೆಗಳ ನೆರಳಿನಿಂದಲೇ ಕಟ್ಟಿದ್ದು.

ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಗೊಂಬೆಯಾಡಿಸುವವರ ಮನೆಯಲ್ಲಿದೆ. ಕರ್ನಾಟಕದಲ್ಲಿ ಈ ಕಸುಬಿನ ಶಿಳ್ಳೇಕ್ಯಾತ, ಕಿಳ್ಳೇಕ್ಯಾತ ಮನೆತನಗಳು ಒಳಗೆ ಆಡಿಕೊಳ್ಳುವುದು ಮರಾಠಿಯ ಒಂದು ಬಗೆ. ಪಂಚೆಯ ಹಿಂದೆ ಕುಳಿತರೆ ಕನ್ನಡ. ಇದೇ ಮೂಲದವರು ಆಂಧ್ರದಲ್ಲಿ ತೋಲುಬೊಮ್ಮಲಾಟ ಆಡುವಾಗ ಗೊಂಬೆ ತೆಲುಗು ಆಡುತ್ತದೆ, ಅಲ್ಲೂ ಬಂಗಾರಕ್ಕನಿದ್ದಾಳೆ. ತಮಿಳುನಾಡಿನ ತೋಲ್‌ಬೊಮ್ಮಲಾಟ್ಟದವರಲ್ಲೂ ಮನೆಮಾತು ಮರಾಠಿ, ಪರದೆಯ ಮಾತು ತಮಿಳು. ಗಂಡ ಗೊಂಬೆ ಆಡಿಸುತ್ತ ಗಂಡುದನಿ ಕೊಡುತ್ತಾನೆ, ಹೆಣ್ಣುದನಿ ಮನೆಯ ಹೆಣ್ಣುಮಕ್ಕಳದು. ಬಂಗಾರಕ್ಕ ನಮ್ಮವಳಲ್ಲ, ಹೊರಗಿನವಳು ಎಂದು ಕನ್ನಡದ ಯಾವ ಊರೂ ಹೇಳಲಿಲ್ಲ. ಹೇಳಲು ಕಾರಣವೂ ಇರಲಿಲ್ಲ, ಆಕೆಯ ಬಾಯಲ್ಲಿ ಬರುತ್ತಿದ್ದುದು ಆ ಊರಿನದೇ ಬೈಗುಳ.

ಈಗ ಡಬ್ಬಿಂಗ್ ವಿಚಾರ. ಇದರಲ್ಲಿ ಚಾಮರಾಜನಗರದ ಸೀಮೆಗೆ ಹತ್ತಿರದ ನಂಟಿದೆ. ರಾಜ್‌ಕುಮಾರ್ 1929ರಲ್ಲಿ ಹುಟ್ಟಿದ ಗಾಜನೂರು ತಾಳವಾಡಿಯ ಕಡೆಯದು, ಇಂದು ತಮಿಳುನಾಡಿನಲ್ಲಿದೆ. ತಂದೆ ಪುಟ್ಟಸ್ವಾಮಯ್ಯನವರ ಸಿಂಗಾನಲ್ಲೂರು ಕೊಳ್ಳೇಗಾಲದ ಕಡೆಯದು. ಕೊಳ್ಳೇಗಾಲ 1956ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಗಡಿ ಹೊಸದಾಗಿ ಎಳೆದಾಗ ಅದು ಮೈಸೂರಿಗೆ ಬಂತು, ಗಾಜನೂರು ಅಲ್ಲೇ ಉಳಿಯಿತು. ಒಂದು ಗೆರೆಯ ಆಚೆಗೆ ಬಿದ್ದ ಕನ್ನಡ ಏನಾಗುತ್ತದೆಂದು ಆ ಊರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕನ್ನಡ ಚಿತ್ರಗಳು ಆಗ ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು, ವರ್ಷಕ್ಕೆ ಬೆರಳೆಣಿಕೆಯಷ್ಟು; ಕಲಾವಿದರಿಗೆ ಕೂಲಿಯೇ ಇಲ್ಲ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಸೇರಿ ಸಂಘ ಕಟ್ಟಿ, ನಾಟಕವಾಡಿ, 1960ರಲ್ಲಿ ‘ರಣಧೀರ ಕಂಠೀರವ’ ತೆಗೆದದ್ದು ಆ ಬವಣೆಯಿಂದ. ಅದೇ ದಶಕದಲ್ಲಿ ಅ.ನ. ಕೃಷ್ಣರಾಯರು, ಮ. ರಾಮಮೂರ್ತಿಯವರು, ರಾಜ್‌ಕುಮಾರ್ ಮುಂತಾದವರು ಡಬ್ಬಿಂಗ್ ಬೇಡವೆಂದು ದನಿಯೆತ್ತಿದರು. ಅಂದು ಅವರು ಹಾಗೆ ನಿಲ್ಲದಿದ್ದರೆ ಕನ್ನಡ ನಟ, ಕನ್ನಡ ಕತೆಗಾರ, ಕನ್ನಡ ಲೈಟ್‌ಬಾಯ್ ಯಾರಿಗೂ ಕಾಲೂರಲು ನೆಲವಿರುತ್ತಿರಲಿಲ್ಲ ಎಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಆದರೆ ಆ ವಾದದ ತಿರುಳು ಏನು? ಕನ್ನಡ ನಟ ನಿಲ್ಲಬೇಕಾದ ಜಾಗದಲ್ಲಿ ಬೇರೆ ನಟನ ಮುಖ ಬಂದು ನಿಲ್ಲುತ್ತದೆ ಎಂಬುದು. ಕಾರ್ಟೂನಿನಲ್ಲಿ ನಟನ ಮುಖವೇ ಇಲ್ಲ. ಅಲ್ಲಿರುವ ಒಂದೇ ಮನುಷ್ಯನ ಕೆಲಸ ದನಿ ಕೊಡುವುದು. ಡಬ್ಬಿಂಗ್ ಆದಾಗ ಆ ಕೆಲಸ ಕನ್ನಡದವರಿಗೆ ಹುಟ್ಟುತ್ತದೆ, ಆಗದಿದ್ದಾಗ ಹುಟ್ಟುವುದಿಲ್ಲ. ಕಾನೂನಾಗಿರದೆ ಕಟ್ಟುಪಾಡಾಗಿದ್ದ ಈ ತಡೆ ಸಿನಿಮಾದಿಂದ ಟಿವಿಗೂ ಬಂದು, 2012ರಲ್ಲಿ ಆಮಿರ್ ಖಾನರ ‘ಸತ್ಯಮೇವ ಜಯತೆ’ ಬೇರೆ ದಕ್ಷಿಣದ ನುಡಿಗಳಲ್ಲಿ ಕೇಳಿ ಕನ್ನಡದಲ್ಲಿ ಕೇಳದೆ ಹೋಯಿತು. 2015ರ ಜುಲೈನಲ್ಲಿ ಸ್ಪರ್ಧಾ ಆಯೋಗ ಈ ತಡೆ ಕಾನೂನಿಗೆ ವಿರುದ್ಧವೆಂದಿತು. ಇದಕ್ಕೂ ಮೊದಲೇ, 2009ರಲ್ಲಿ, ಮಕ್ಕಳಿಗೆಂದೇ ಚಿಂಟು ಟಿವಿ ಶುರುವಾಗಿ ಕಾರ್ಟೂನುಗಳು ಕನ್ನಡ ಆಡತೊಡಗಿದವು. ಅದರಿಂದ ಕನ್ನಡಕ್ಕಾಗಲಿ ಕನ್ನಡ ನಟರಿಗಾಗಲಿ ಕೇಡಾದದ್ದನ್ನು ಯಾರೂ ತೋರಿಸಿಲ್ಲ. ಕಾರ್ಟೂನನ್ನು ಯಾರೂ ತಡೆದಿರಲಿಲ್ಲ, ವಾಹಿನಿಗಳಿಗೆ ಕನ್ನಡದ ಮಾರುಕಟ್ಟೆ ಸಣ್ಣದೆನಿಸಿತ್ತು ಅಷ್ಟೇ ಎನ್ನುವವರ ಮಾತಿನಲ್ಲೂ ಹುರುಳಿದೆ. ಆದರೆ ಡಬ್ಬಿಂಗ್ ಎಂದರೆ ಗಲಾಟೆ ಎಂಬ ಹೆಸರು ಬಿದ್ದ ನುಡಿಗೆ ಯಾವ ವಾಹಿನಿ ತಾನಾಗಿ ಹಣ ಸುರಿಯುತ್ತದೆ? 1995ರಿಂದ 2009ರವರೆಗೆ ಒಂದು ಪೀಳಿಗೆ ಬೆಳೆದು ದೊಡ್ಡದಾಯಿತು, ಮತ್ತು ಗಡಿಸೀಮೆಯ ಮಗುವಿಗೆ ನಗೆಯ ನುಡಿ ತನ್ನದಲ್ಲ ಎಂಬ ಪಾಠ ಯಾರೂ ಹೇಳದೆಯೇ ಸಿಕ್ಕಿತು. ನಾವು ಹೊರಗಿನದಕ್ಕೆ ದನಿ ಕೊಡುವ ಬದಲು ನಮ್ಮದೇ ಕಾರ್ಟೂನ್ ಮಾಡಬೇಕಿತ್ತು ಎಂಬುದೂ ಸರಿ. ಅದಕ್ಕೆ ಕಂತೊಂದಕ್ಕೇ ಬಹಳ ಹಣ ಬೇಕು, ಹಲವು ನುಡಿಗಳಲ್ಲಿ ಮಾರದೆ ಅದು ಹುಟ್ಟುವುದಿಲ್ಲ. 2008ರಲ್ಲಿ ಹೈದರಾಬಾದಿನ ಸಂಸ್ಥೆಯೊಂದು ಆರಂಭಿಸಿದ ‘ಛೋಟಾ ಭೀಮ್’ ಹಲವು ನುಡಿಗಳ ದನಿಯಿಂದಲೇ ದೇಶ ಸುತ್ತಿತು. ದನಿ ಎರವಲು ಕೊಡಲು ಒಪ್ಪದ ನುಡಿ ಎರವಲು ಪಡೆಯುವುದೂ ಕಷ್ಟ.

ಇನ್ನೊಂದು ಆಕ್ಷೇಪ ಹೆಚ್ಚು ತೊಡಕಿನದು. ಊರಿನ ದನಿಗೆ ಅಷ್ಟು ಬಲವಿದ್ದರೆ ತೊಗಲುಗೊಂಬೆ ಏಕೆ ಸೊರಗಿತು? ಈಗ ಗೊಂಬೆಗಳನ್ನು ನೋಡಬೇಕೆಂದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೋ ರಾಮನಗರದ ಜಾನಪದ ಲೋಕಕ್ಕೋ ಹೋಗಬೇಕಾದ ಸ್ಥಿತಿಯಿದೆ ಎಂಬುದು ನಿಜ. ಅಲ್ಲಿ ಗಾಜಿನ ಹಿಂದಿರುವ ಕಿಳ್ಳೇಕ್ಯಾತ ಮೂಗ. ಸೊರಗಿದ್ದು ಅವನ ನಗೆ ಹಳಸಿದ್ದಕ್ಕಲ್ಲ. ಟೂರಿಂಗ್ ಟಾಕೀಸು ಬಂತು, ಮಳೆಗಾಗಿ ಆಟ ಆಡಿಸುತ್ತಿದ್ದ ಊರುಗಳ ನಂಬಿಕೆ ಸಡಿಲವಾಯಿತು, ರಾತ್ರಿಯಿಡೀ ಆಡಿದವರಿಗೆ ದವಸ ಅಳೆದು ಕೊಡುತ್ತಿದ್ದ ಕಣಗಳು ಬರಿದಾದವು, ಮಕ್ಕಳು ಬೇರೆ ಕೂಲಿಗೆ ಹೋದರು. ಅನ್ನ ಕೊಡದ ಕಸುಬನ್ನು ಬಿಟ್ಟವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆಟ ನಿಂತಿತು, ಗಂಡಹೆಂಡಿರ ಬರೆದ ಜಗಳಕ್ಕೆ ನಗುವ ಆಸೆ ನಿಂತಿತೇ? ನಿಂತಿದ್ದರೆ ಅರ್ಥವಾಗದ ನುಡಿಯಲ್ಲಿ ಕೂಡ ಮನೆಗಳು ಕಾರ್ಟೂನು ಹಚ್ಚುತ್ತಿರಲಿಲ್ಲ.

ಕನ್ನಡ ಡಬ್ಬಿಂಗಿನಲ್ಲಿ ಕೇಳುವುದು ಎಲ್ಲಿಯೂ ಆಡದ, ಪಠ್ಯಪುಸ್ತಕದ ಕನ್ನಡ ಎಂಬ ದೂರನ್ನು ಮಾತ್ರ ತಳ್ಳಿಹಾಕಲಾಗದು. ಇದಕ್ಕೂ ಪರದೆಯ ಹಿಂದಿನವರಲ್ಲಿ ಉತ್ತರವಿತ್ತು. ಅವರ ರಾಮ ಗ್ರಾಂಥಿಕ ಕನ್ನಡ ಆಡುತ್ತಾನೆ, ಕಿಳ್ಳೇಕ್ಯಾತ ಹಟ್ಟಿಯ ಕನ್ನಡ. ಎರಡೂ ಒಂದೇ ಬಾಯಿಂದ, ಕ್ಷಣದ ಅಂತರದಲ್ಲಿ. ಕೆನಡಾದ ಕ್ವಿಬೆಕ್‌ನಲ್ಲಿ ಫ್ರೆಂಚ್ ಆಡುವವರು ‘ಸಿಂಪ್ಸನ್ಸ್’ಗೆ ಪ್ಯಾರಿಸ್ಸಿನ ಫ್ರೆಂಚ್ ಸಾಕೆನ್ನದೆ ತಮ್ಮ ಬೀದಿಯ ಫ್ರೆಂಚಿನಲ್ಲಿ ಬೇರೆಯೇ ದನಿ ಕೊಟ್ಟುಕೊಂಡರು, ಅಮೆರಿಕದ ಹೆಸರುಗಳಿದ್ದ ಕಡೆ ತಮ್ಮ ಊರುಗಳ, ತಮ್ಮ ಮುಖಂಡರ ಹೆಸರು ತಂದರು. ಸುತ್ತ ಇಂಗ್ಲಿಷಿನ ಕಡಲಿರುವ ಒಂದು ಪ್ರಾಂತ್ಯ ಅದು. ಹಾಲು ಆಲಾಗುವ, ಹೋಗುವುದು ವೋಗುವುದಾಗುವ ಚಾಮರಾಜನಗರದ ಮಾತನ್ನು ಸಿನಿಮಾಗಳು ಬಹುಕಾಲ ಹಳ್ಳಿಗಮಾರನ ಗುರುತಾಗಿ ಬಳಸಿದವು. ಇದೇ ಸೀಮೆಯ ನುಡಿಯಲ್ಲಿ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ‘ಕುಸುಮಬಾಲೆ’ ಬರೆದರು, ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಮಾದೇಶ್ವರನ ಕಥೆಯನ್ನು ಕಂಸಾಳೆಯ ದೇವರಗುಡ್ಡರು, ಮಂಟೇಸ್ವಾಮಿಯ ಕಥೆಯನ್ನು ತಂಬೂರಿಯ ನೀಲಗಾರರು ಇದೇ ಬನಿಯಲ್ಲಿ ರಾತ್ರಿಗಟ್ಟಲೆ ಹಾಡುತ್ತಾರೆ. ಒಬ್ಬನೇ ಹಾಡುಗಾರ ಶರಣನೂ ಆಗುತ್ತಾನೆ, ಸೊಕ್ಕಿನ ಸಾಹುಕಾರನೂ ಆಗುತ್ತಾನೆ. ದನಿ ಬದಲಿಸುವ ಕಲೆ ಹೀಗೆ ಮನೆಮನೆಯಲ್ಲಿರುವ ಜಿಲ್ಲೆಯಿಂದ ಧ್ವನಿಮುದ್ರಣದ ಕೋಣೆಗೆ ಹತ್ತು ಮಂದಿಯನ್ನು ಕರೆಸಿ, ಬರಹವನ್ನು ಅವರ ಕೈಗೆ ಕೊಟ್ಟು, ಗಂಡಹೆಂಡಿರ ಜಗಳವನ್ನು ಅವರು ಆಡುವಂತೆಯೇ ಆಡಲು ಬಿಟ್ಟರೆ ಬಂಗಾರಕ್ಕ ಇನ್ನೊಂದು ಪರದೆಯ ಮೇಲೆ ಬಾಯಿಬಿಡುತ್ತಾಳೆ.